ಒಟ್ಟು ಊಟ

ಫೆಬ್ರವರಿ 3

ತಮ್ಮಾ,

ನೀನು ಹೇಗಿದ್ದೀಯ ಎಂದು ಕಡೆಗೆ ಕೇಳುತ್ತೇನೆ. ಮೊದಲು ನಿನ್ನ ಮನೆಯಾಕೆಯ ಸೊಂಟ ಹೇಗಿದೆ? ಆಸ್ಪತ್ರೆಯ ಒದ್ದೆ ಹೊದಿಕೆಗಳನ್ನು ಎತ್ತಿ ಎತ್ತಿ ಅವಳ ಬೆನ್ನು ಬಿಲ್ಲಾಗಿದೆ ಎಂದು ಕೇಳಿದೆ. ಗಿಣಿಯ ಕೆಮ್ಮು ಹೋಯಿತೇ? ನಿನ್ನ ಮಗಳು ಕೆಮ್ಮುವಾಗಲೂ ಮಾತು ನಿಲ್ಲಿಸುವವಳಲ್ಲ, ವಾಸಿಯಾಗುವುದಾದರೂ ಹೇಗೆ? ಇಲ್ಲಿ ನಿನ್ನ ಭಾವ ಗಟ್ಟಿಯಾಗಿದ್ದಾರೆ. ಊರವರ ಗಡಿಯಾರವನ್ನೆಲ್ಲ ನಲವತ್ತು ವರ್ಷ ರಿಪೇರಿ ಮಾಡಿದವರು, ಮನೆಯ ಗಡಿಯಾರ ಮಾತ್ರ ಇವತ್ತಿಗೂ ಹತ್ತು ನಿಮಿಷ ಹಿಂದೆ. ನನ್ನ ಮಂಡಿ ನನ್ನ ಮಾತು ಕೇಳುತ್ತಿಲ್ಲ, ಅದಿರಲಿ.

ಈಗ ನೀನು. ಬಂದರಿನ ಡಾಕ್ಟರು ನಿನ್ನ ರಕ್ತದಲ್ಲಿ ಸಕ್ಕರೆ ಏರಿದೆ ಎಂದರಂತೆ. ಮೇ ಹತ್ತಕ್ಕೆ ಮತ್ತೆ ಪರೀಕ್ಷೆಯಂತೆ. ಅಷ್ಟರೊಳಗೆ ಇಳಿಯದಿದ್ದರೆ ಜನ್ಮದಲ್ಲಿ ಕ್ರೇನು ಹತ್ತುವ ಹಾಗಿಲ್ಲವಂತೆ. ಇಷ್ಟೂ ಗಿಣಿ ಹೇಳಿದ್ದು. ನೀನು ಹೇಳಿದ್ದು "ಏನಿಲ್ಲ ಅಕ್ಕಾ, ಸ್ವಲ್ಪ ಸುಸ್ತು ಅಷ್ಟೆ." ಫೋನಿನಲ್ಲಿ ನನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ನೀನು ಹೇಳುವುದಿಲ್ಲ. ಅದಕ್ಕೇ ಕಾಗದ ಹಿಡಿದೆ. ಕಾಗದವನ್ನು ನೀನು "ಹ್ಞೂಂ, ಹ್ಞೂಂ" ಎಂದು ಕಟ್ ಮಾಡಲಾರೆ.

ನಾನು ಹಿಟ್ಟಿನ ಗಿರಣಿಯಲ್ಲಿ ಇಪ್ಪತ್ತೆಂಟು ವರ್ಷ ಜರಡಿಯ ಮುಂದೆ ನಿಂತವಳು. ಗೋಧಿ ಇಡಿಯಾಗಿ ಬರುತ್ತಿತ್ತು, ಮೇಲೆ ಕೆಂಚು ಸಿಪ್ಪೆ, ಒಳಗೆ ಮೊಳಕೆಯ ಕಣ್ಣು. ಎರಡನ್ನೂ ಬಿಡಿಸಿ ದನಕ್ಕೆ ಹಾಕಿ, ಉಳಿದ ಬಿಳಿ ಪುಡಿಯನ್ನು ಮನುಷ್ಯರಿಗೆ ಕಳಿಸುವುದೇ ನಮ್ಮ ಕೆಲಸ. ಗಿರಣಿಯ ಹಿಂದಿನ ಕೊಟ್ಟಿಗೆಯ ದನಗಳ ಮೈ ಎಣ್ಣೆ ಹಚ್ಚಿದಂತೆ ಮಿಂಚುತ್ತಿತ್ತು. ಬಿಳಿ ಹಿಟ್ಟು ತಿಂದ ನಮ್ಮ ಮೇಸ್ತ್ರಿ ಐವತ್ತಕ್ಕೇ ಕೋಲು ಹಿಡಿದ. ಆಗ ನನಗೆ ತಿಳಿಯಲಿಲ್ಲ, ಈಗ ತಿಳಿಯುತ್ತಿದೆ.

ಆದ್ದರಿಂದ ನನ್ನದು ಒಂದೇ ಮಾತು. ಇನ್ನು ಮೇಲೆ ಒಟ್ಟು ಊಟ ಮಾಡು. ದಿನಕ್ಕೆ ಒಂದು ಹೊತ್ತಾದರೂ ಒಟ್ಟು ಇರಲೇಬೇಕು. ಮೊದಮೊದಲು ಗಂಟಲಲ್ಲಿ ಇಳಿಯುವುದಿಲ್ಲ, ಆದರೂ ಬಿಡಬೇಡ. ಡಾಕ್ಟರು ಕೊಟ್ಟ ಮಾತ್ರೆಯನ್ನೂ ಬಿಡಬೇಡ. ಕ್ಯಾಬಿನ್ನಿನಲ್ಲಿ ಕೂತು ಕುರುಕಲು ಪೊಟ್ಟಣ ಒಡೆಯುವುದನ್ನು ಮಾತ್ರ ಇವತ್ತೇ ಬಿಡು.

ನಿನ್ನ ಅಕ್ಕ


ಫೆಬ್ರವರಿ 19

ಅಕ್ಕಾ,

ನಿನ್ನ ಕಾಗದ ಬಂತು. ಮನೆಯಾಕೆಯ ಸೊಂಟ ಪರವಾಗಿಲ್ಲ. ಗಿಣಿಗೆ ಕೆಮ್ಮು ಹೋಗಿದೆ, ಮಾತು ಉಳಿದಿದೆ. ನೀನು ಸುಮ್ಮನೆ ಗಾಬರಿಯಾಗಿದ್ದೀಯ. ಡಾಕ್ಟರುಗಳು ಹಾಗೆಯೇ, ಹೆದರಿಸದಿದ್ದರೆ ಅವರ ಮಾತು ಯಾರು ಕೇಳುತ್ತಾರೆ?

ನಾನು ಈಗ ಕ್ಯಾಬಿನ್ನಿನಲ್ಲಿ ಕೂತೇ ಬರೆಯುತ್ತಿದ್ದೇನೆ. ಕೆಲಸ ಎಂದಿನಂತೆ. ಎದುರಿಗೆ ಒಂದು ಹಡಗು ಬಂದು ನಿಂತಿದೆ, ಬೆಟ್ಟದ ಹಾಗೆ. ಅದರ ಮೇಲ್ತುದಿ ನೋಡಬೇಕೆಂದರೆ ಕತ್ತೆತ್ತಬೇಕು.

ನೀನು ಹೇಳಿದ ಒಟ್ಟು ಊಟ ಶುರು ಮಾಡಿದ್ದೇನೆ. ನೀನೆಂದಂತೆ ಮೊದಲ ವಾರ ಗಂಟಲಲ್ಲಿ ಇಳಿಯಲೇ ಇಲ್ಲ. ಅಭ್ಯಾಸ ತಪ್ಪಿ ಎಷ್ಟು ವರ್ಷವಾಗಿತ್ತೋ. ಮನೆಯಾಕೆ ನಕ್ಕಳು, ಗಿಣಿ ಮುಖ ಸಿಂಡರಿಸಿದಳು. ಈಗ ಇಬ್ಬರೂ ಒಗ್ಗಿದ್ದಾರೆ. ನಿಜ ಹೇಳಬೇಕೆಂದರೆ ಹೊಟ್ಟೆ ಹಗುರಾಗಿದೆ.

ಭಾವನಿಗೆ ನಮಸ್ಕಾರ ಹೇಳು.

ನಿನ್ನ ತಮ್ಮ


ಮಾರ್ಚ್ 2

ತಮ್ಮಾ,

ನೀನು ನನ್ನ ಮಾತು ಕೇಳಿದ್ದು ಇದೇ ಮೊದಲು. ಕಾಗದವನ್ನು ನಿನ್ನ ಭಾವನಿಗೆ ಎರಡು ಸಲ ಓದಿ ಹೇಳಿದೆ. "ಐವತ್ತಮೂರು ವರ್ಷಕ್ಕೆ ಬುದ್ಧಿ ಬಂತು, ಪರವಾಗಿಲ್ಲ, ಸ್ವಲ್ಪ ಬೇಗನೇ ಬಂತು" ಎಂದರು.

ಆದರೆ ಒಂದು ಮಾತು ನನ್ನ ಎದೆಯಲ್ಲಿ ಚುಚ್ಚುತ್ತಿದೆ. ಹಡಗು ಬೆಟ್ಟದ ಹಾಗೆ ಕಾಣುತ್ತದೆ ಎಂದು ಬರೆದಿದ್ದೀಯ. ಹೋದ ವರ್ಷ ಬಂದಾಗ ನೀನೇ ಹೇಳಿದ್ದೆಯಲ್ಲ, ಮೇಲಿಂದ ನೋಡಿದರೆ ಹಡಗೆಲ್ಲ ಬೆಂಕಿಪೊಟ್ಟಣ, ಮನುಷ್ಯರೆಲ್ಲ ಸಾಸಿವೆ ಎಂದು? ಸಕ್ಕರೆ ಕಣ್ಣಿಗೇನಾದರೂ ಇಳಿಯಿತೇ? ಚಿಕ್ಕದು ದೊಡ್ಡದಾಗಿ ಕಾಣುತ್ತಿದ್ದರೆ ತಡ ಮಾಡಬೇಡ, ಕಣ್ಣಿನ ಡಾಕ್ಟರಿಗೆ ತೋರಿಸು.

ಇನ್ನು ಊಟ. ಒಟ್ಟು ಊಟ ಮಾಡಿದ ಮೇಲೆ ನೀರು ಜಾಸ್ತಿ ಕುಡಿ, ಇಲ್ಲದಿದ್ದರೆ ಹೊಟ್ಟೆ ಕಟ್ಟುತ್ತದೆ. ವಾರಕ್ಕೊಂದು ಸಲ ಒಟ್ಟನ್ನು ಬಿಸಿಲಿಗೆ ಹಾಕುವುದನ್ನು ಮರೆಯಬೇಡ. ಅಂಗಡಿಯಲ್ಲಿ ಏನೇ ತೆಗೆದುಕೊಂಡರೂ ತಿರುಗಿಸಿ ನೋಡು. ಹಿಂದುಗಡೆ ಇರುವೆ ಸಾಲಿನಂಥ ಅಕ್ಷರ ಕಂಡರೆ ಇದ್ದಲ್ಲೇ ಇಟ್ಟುಬಿಡು. ಗೆಣಸಿನ ಹಿಂದೆ ಏನಿರುತ್ತದೆ? ಮಣ್ಣು. ತೊಳೆದರೆ ಹೋಗುತ್ತದೆ. ಸಿಪ್ಪೆ ಹೆರೆಯಬೇಡ. ಹಣ್ಣನ್ನು ಹಿಂಡಿ ರಸ ಮಾಡಬೇಡ, ದೇವರು ಹಲ್ಲು ಕೊಟ್ಟಿದ್ದಾನೆ.

ನಾವಿಬ್ಬರೂ ಇಲ್ಲಿ ಹೀಗೇ ತಿನ್ನುತ್ತಿದ್ದೇವೆ. ನಮ್ಮ ಚಿಂತೆ ಬೇಡ.

ನಿನ್ನ ಅಕ್ಕ


ಮಾರ್ಚ್ 23

ಅಕ್ಕಾ,

ಕಣ್ಣು ಚೆನ್ನಾಗಿದೆ. ಬರೆಯುವ ಭರದಲ್ಲಿ ಏನೋ ಬರೆದಿದ್ದೆ.

ಭಾನುವಾರ ಭಾನುವಾರ ಬಿಸಿಲಿಗೂ ಹಾಕುತ್ತಿದ್ದೇವೆ. ಚೆನ್ನಾಗಿದೆ. ನೀರೂ ಕುಡಿಯುತ್ತಿದ್ದೇನೆ, ಯಾಕೆಂದು ಮಾತ್ರ ಅರ್ಥವಾಗಲಿಲ್ಲ. ಹಿರಿಯಳು ಹೇಳಿದ್ದೀಯ ಎಂದು ಕುಡಿಯುತ್ತೇನೆ.

ಕೆಲಸ ಇದೆ, ಹೆಚ್ಚು ಬರೆಯಲಾಗುತ್ತಿಲ್ಲ.

ನಿನ್ನ ತಮ್ಮ


ಏಪ್ರಿಲ್ 14

ತಮ್ಮಾ,

ನಿನ್ನ ಕಾಗದವನ್ನು ನಿನ್ನ ಭಾವ ಭೂತಕನ್ನಡಿ ಹಾಕಿ ನೋಡಿದರು, ಇದಕ್ಕಿಂತ ಹೆಚ್ಚೇನಾದರೂ ಬರೆದಿದೆಯೋ ಎಂದು. ಆಮೇಲೆ ಮೂರು ವಾರ ಅದೂ ಇಲ್ಲ. ಮೊನ್ನೆ ಮನಸ್ಸು ತಡೆಯದೆ ಫೋನು ಮಾಡಿದೆ. ನಿನ್ನ ಮನೆಯಾಕೆ ಎತ್ತಿದಳು. "ಅವರು ಇನ್ನೂ ಉಗ್ರಾಣದಿಂದ ಬಂದಿಲ್ಲ ಅತ್ತಿಗೆ" ಎಂದಳು. "ಯಾವ ಉಗ್ರಾಣನೇ?" ಎಂದೆ. "ಒಲೆ ಮೇಲೆ ಹಾಲಿದೆ ಅತ್ತಿಗೆ" ಎಂದು ಇಟ್ಟುಬಿಟ್ಟಳು. ನನಗೆ ಕಿವಿ ಮಂದ, ಆದರೆ ಅಷ್ಟೊಂದು ಮಂದವಲ್ಲ.

ಕ್ರೇನಿನ ತುದಿಯಲ್ಲಿ ಯಾವ ಉಗ್ರಾಣವಿದೆಯೋ? ನಿನ್ನನ್ನು ಕೆಳಗಿಳಿಸಿದ್ದಾರೆ. ಹಡಗು ಬೆಟ್ಟವಾದದ್ದು ಕಣ್ಣಿನಿಂದಲ್ಲ, ನೆಲದಿಂದ.

ಬಯ್ಯಬೇಕೆಂದು ಪೆನ್ನು ಹಿಡಿದೆ. ಆದರೆ ಬಯ್ಯುವ ಯೋಗ್ಯತೆ ನನಗಿಲ್ಲ. ನಿನ್ನ ಬಾಯಿ ಬಿಡಿಸುವ ಮೊದಲು ನನ್ನದನ್ನು ಬಿಚ್ಚುತ್ತೇನೆ, ಕೇಳು. ನಾವಿಬ್ಬರೂ ಹೀಗೇ ತಿನ್ನುತ್ತೇವೆ ಎಂದು ಬರೆದೆನಲ್ಲ, ಸುಳ್ಳು. ನಾನು ಒಟ್ಟನ್ನು ಒಂದು ದಿನವೂ ಬಾಯಿಗಿಟ್ಟವಳಲ್ಲ. ಇಪ್ಪತ್ತೆಂಟು ವರ್ಷ ಜರಡಿಯಿಂದ ಹಾರಿ ಮೂಗಿಗೆ, ತಲೆಗೂದಲಿಗೆ ಮೆತ್ತಿಕೊಂಡದ್ದು ಅದು. ಚೀಲಕ್ಕೆ ತುಂಬಿ ದನಕ್ಕೆ ಸುರಿದದ್ದೂ ನಾನೇ. ಅದನ್ನೇ ತಟ್ಟೆಯಲ್ಲಿ ನೋಡಿದರೆ ಕೆಲಸಕ್ಕೆ ಹೊತ್ತಾಯಿತೇನೋ ಅನ್ನಿಸುತ್ತದೆ. ನಿನಗೆ ಉಪದೇಶ ಬರೆದು, ಅದೇ ಮೇಜಿನಲ್ಲಿ ಬಿಳಿ ಬ್ರೆಡ್ಡಿಗೆ ಜಾಮು ಬಳಿದು ತಿಂದಿದ್ದೇನೆ. ನಿನ್ನ ಭಾವ "ಕಾಗದಕ್ಕೆ ಜಾಮು ಹತ್ತೀತು, ಸಿಕ್ಕಿಬೀಳ್ತೀಯ" ಎನ್ನುತ್ತಿದ್ದರು.

ಈ ತಿಂಗಳ ಮೊದಲಿಂದ ಜರಡಿ ಹಿಡಿಯದ ಹಿಟ್ಟು ತರಿಸಿ ತಿನ್ನುತ್ತಿದ್ದೇನೆ. ನೀನು ಅಲ್ಲಿ ಒಟ್ಟು ಜಗಿಯುತ್ತಿರುವಾಗ ನಾನು ಇಲ್ಲಿ ಜಾಮು ನೆಕ್ಕುವುದು ಸರಿಯೆನಿಸಲಿಲ್ಲ.

ನಾನು ಹೇಳಿದ್ದಾಯಿತು. ಈಗ ನೀನು ಹೇಳು. ಒಂದೂ ಮುಚ್ಚಬೇಡ.

ನಿನ್ನ ಅಕ್ಕ


ಏಪ್ರಿಲ್ 26

ಅಕ್ಕಾ,

ನಿನ್ನ ಕಾಗದವನ್ನು ಊಟದ ಮೇಜಿನಲ್ಲೇ ಗಟ್ಟಿಯಾಗಿ ಓದಿದೆ. ಉಗ್ರಾಣ ಬಂದಾಗ ಮನೆಯಾಕೆ ತಲೆ ತಗ್ಗಿಸಿದಳು. ನೀನು ಸುಳ್ಳು ಒಪ್ಪಿಕೊಂಡಲ್ಲಿ ಗಿಣಿ ನಕ್ಕಳು. "ಚೀಲಕ್ಕೆ ತುಂಬಿ ದನಕ್ಕೆ ಸುರಿದದ್ದೂ ನಾನೇ" ಎನ್ನುವಲ್ಲಿಗೆ ಬಂದು ನಾನು ನಿಂತುಬಿಟ್ಟೆ. ಮತ್ತೆ ಓದಿದೆ. ಒಟ್ಟನ್ನು ಚೀಲಕ್ಕೆ ಹೇಗೆ ತುಂಬುತ್ತಾರೆ?

"ಅಪ್ಪಾ," ಎಂದಳು ಗಿಣಿ, "ಅತ್ತೆ ಹೇಳ್ತಿರೋದು ಹೊಟ್ಟು. ಗೋಧಿ ಹೊಟ್ಟು!"

ಮನೆಯಾಕೆಯ ಬಾಯಲ್ಲಿದ್ದ ನೀರು ಮೇಜಿನ ತುಂಬ ಚಿಮ್ಮಿತು. ಅಕ್ಕಾ, ನೀನು ಮೂರು ತಿಂಗಳಿಂದ ಬರೆಯುತ್ತಿರುವುದು ಹೊಟ್ಟೇ?

ನಾನು ಓದಿಕೊಂಡದ್ದು "ಒಟ್ಟಿಗೆ ಊಟ ಮಾಡು" ಎಂದು. ಅಕ್ಕ ಒಂದು ಅಕ್ಷರ ನುಂಗಿದ್ದಾಳೆ ಎಂದುಕೊಂಡೆ. ಗಿರಣಿಯ ಕಥೆ ನೂರು ಸಲ ಕೇಳಿದ್ದಲ್ಲವೇ, ಅದನ್ನು ಹಾರಿಸಿ ಓದಿದ್ದೆ. ತಪ್ಪು ಅರ್ಧ ನನ್ನದೂ ಇದೆ.

ಎಲ್ಲ ಮೊದಲಿಂದ ಹೇಳುತ್ತೇನೆ. ಜನವರಿ ಕೊನೆಯಲ್ಲೇ ನನ್ನನ್ನು ಇಳಿಸಿದರು. ಒಂದು ಮಧ್ಯಾಹ್ನ ಮೇಲೆ ಕೂತಿದ್ದಾಗ ಕಣ್ಣು ಮಂಜಾಗಿ ಕೈ ನಡುಗಿತು. ಕೊಕ್ಕೆಯಲ್ಲಿ ಹನ್ನೆರಡು ಟನ್ನಿನ ಪೆಟ್ಟಿಗೆ ತೂಗುತ್ತಿತ್ತು, ಕೆಳಗೆ ನಾಲ್ಕು ಜನ. ಹೇಗೋ ಇಳಿಸಿದೆ. ಯಾರಿಗೂ ಏನೂ ಆಗಲಿಲ್ಲ. ನಾನೇ ಹೋಗಿ ಡಾಕ್ಟರಿಗೆ ಹೇಳಿದೆ. ಅವತ್ತಿನಿಂದ ಹಗ್ಗದ ಉಗ್ರಾಣದಲ್ಲಿದ್ದೇನೆ, ಬಂದ ಹಗ್ಗ ಸುತ್ತುವುದು, ಕೇಳಿದ ಹಗ್ಗ ಕೊಡುವುದು. ನಿನಗೆ ಯಾಕೆ ಹೇಳಲಿಲ್ಲ ಎಂದರೆ, ನೀನು ನಿಮ್ಮ ಬೀದಿಯವರಿಗೆಲ್ಲ "ನನ್ನ ತಮ್ಮ ಮೋಡದ ಪಕ್ಕ ಕೆಲಸ ಮಾಡ್ತಾನೆ" ಎಂದು ಹೇಳಿಕೊಂಡಿದ್ದೀಯಲ್ಲ, ಅದಕ್ಕೆ. ಹಗ್ಗದ ಸಿಂಬಿಗಳ ಹಿಂದೆ ಕೂತು ಪೊಟ್ಟಣ ಒಡೆದು ತಿನ್ನುತ್ತಿದ್ದೆ. ಹಸಿವಿಗಲ್ಲ, ನಾಚಿಕೆಗೆ.

ಆಗ ನಿನ್ನ ಮೊದಲ ಕಾಗದ ಬಂತು. ನಮ್ಮ ಮನೆಯಲ್ಲಿ ಮೂವರಿಗೆ ಮೂರು ಪಾಳಿ. ಒಬ್ಬರು ತಿನ್ನುವಾಗ ಇನ್ನೊಬ್ಬರು ಮಲಗಿರುತ್ತಾರೆ, ಮತ್ತೊಬ್ಬರು ಬಸ್ಸಿನಲ್ಲಿರುತ್ತಾರೆ. ಮೂವರೂ ಸಿಗುವುದು ಬೆಳಿಗ್ಗೆ ಆರೂವರೆಗೆ, ಮನೆಯಾಕೆ ಪಾಳಿ ಮುಗಿಸಿ ಬಂದು ನಾನು ಹೊರಡುವುದರೊಳಗೆ. "ನಾಳೆಯಿಂದ ಆರೂವರೆಗೆ ಒಟ್ಟಿಗೆ ಊಟ" ಎಂದೆ.

"ಯಾಕೆ, ಯಾರಾದ್ರೂ ಬರ್ತಿದ್ದಾರಾ?" ಎಂದಳು ಮನೆಯಾಕೆ.

ಮೊದಲ ದಿನ ಮೂವರೂ ಒಂದೊಂದು ಪೊಟ್ಟಣ ಹಿಡಿದು ಕೂತೆವು. ಮಾತೇ ಬರಲಿಲ್ಲ, ಕವರಿನ ಪರಪರ ಸದ್ದು ಮಾತ್ರ. ಗಿಣಿಯೇ ಹೇಳಿದಳು, "ಇದು ಊಟ ಅಲ್ಲಪ್ಪ, ಬಸ್ ನಿಲ್ದಾಣ. ನನ್ನ ಬಸ್ ಬಂತು, ಬರ್ಲಾ?"

ಮರುದಿನ ಒಂದು ಪಾತ್ರೆ ಇಟ್ಟೆವು. ಅಷ್ಟೇ ಆದದ್ದು. ಒಂದೇ ಪಾತ್ರೆಯಿಂದ ಮೂವರು ತಿನ್ನಬೇಕೆಂದರೆ ಕಾಳು ನೆನೆಸಬೇಕು, ಸೊಪ್ಪು ಸೋಸಬೇಕು, ಗೆಣಸು ತೊಳೆಯಬೇಕು. ಹೆಚ್ಚುತ್ತಾ ಕೂತರೆ ಮಾತು ತಾನೇ ಬರುತ್ತದೆ. ಸಿಪ್ಪೆ ಬಿಡಿಸುವ ವ್ಯವಧಾನ ನನಗಿಲ್ಲ, ಹಾಗೇ ಹಾಕುತ್ತೇನೆ. ಅದೂ ಒಳ್ಳೆಯದೇ ಎಂದು ಆಮೇಲೆ ನಿನ್ನ ಕಾಗದದಲ್ಲಿ ನೋಡಿದೆ. ಉಳಿದದ್ದನ್ನು ಡಬ್ಬಿಗೆ ಹಾಕಿಕೊಂಡು ಹೋಗುತ್ತೇನೆ. ಪೊಟ್ಟಣ ಕೊಳ್ಳದೆ ಎರಡು ತಿಂಗಳಾಯಿತು. ಸೊಂಟದ ಬೆಲ್ಟಿಗೆ ಮೊಳೆಯಲ್ಲಿ ಹೊಸ ತೂತು ಹಾಕಿದ್ದೇನೆ.

ಒಟ್ಟನ್ನು ಬಿಸಿಲಿಗೆ ಹಾಕು ಎಂದೆಯಲ್ಲ, ಅದಕ್ಕೂ ತಲೆ ಕೆಡಿಸಿಕೊಂಡೆವು. ಕಡೆಗೆ ಭಾನುವಾರ ಪಾತ್ರೆ ಎತ್ತಿಕೊಂಡು ಮೂವರೂ ಅಲೆತಡೆಯ ಕಲ್ಲುಗಳ ಮೇಲೆ, ಬಿಸಿಲಲ್ಲಿ ಕೂತು ಉಂಡೆವು. ಎಲ್ಲ ಭಾನುವಾರವೂ. ಮನೆಯಾಕೆ ಟೊಪ್ಪಿ ಬೇರೆ ಕೊಂಡಿದ್ದಾಳೆ.

ಈಗ ನಗು ಮುಗಿದ ಮೇಲೆ ಭಯ ಶುರುವಾಗಿದೆ. ಮೇ ಹತ್ತಕ್ಕೆ ಎರಡೇ ವಾರ. ನನ್ನ ಹಾಗೆ ಇಳಿದ ಇಬ್ಬರು ಮತ್ತೆ ಹತ್ತಲೇ ಇಲ್ಲ, ಒಬ್ಬ ಗೇಟಿನಲ್ಲಿ ಚೀಟಿ ಹರಿಯುತ್ತಾನೆ. ನಾನು ಇಪ್ಪತ್ತನಾಲ್ಕು ವರ್ಷದಿಂದ ಕಲಿತದ್ದು ಅದೊಂದೇ ಕೆಲಸ. ಇಷ್ಟು ದಿನ ಹೊಟ್ಟು ತಿನ್ನದೆ ಕೆಟ್ಟೆನೇ? ಈಗಲಾದರೂ ದಿನಕ್ಕೆರಡು ಬಟ್ಟಲು ತಿನ್ನಲೇ? ಬೇಗ ಹೇಳು.

ನಿನ್ನ ತಮ್ಮ


ಮೇ 2

ತಮ್ಮಾ,

ತಿನ್ನಬೇಡ! ಎರಡು ಬಟ್ಟಲು ಹೊಟ್ಟು ತಿಂದರೆ ಪರೀಕ್ಷೆಯ ದಿನ ನೀನು ಡಾಕ್ಟರ ಮುಂದೆ ಇರುವುದಿಲ್ಲ, ಬೇರೆಲ್ಲೋ ಕೂತಿರುತ್ತೀಯ. ಏನು ಮಾಡುತ್ತಿದ್ದೀಯೋ ಅದನ್ನೇ ಮಾಡು.

ಹೊಟ್ಟು, ಹೊಟ್ಟು, ಹೊಟ್ಟು. ನೋಡು, ಬರೆದೆ. ನಿನ್ನ ಭಾವ ಪಕ್ಕದಲ್ಲಿ ಕೂತು ಬರೆಸಿದರು. ನನಗೆ ಯಾರು ಅಕ್ಷರ ಕಲಿಸಿದರು ಹೇಳು? ಊಟದ ಬಿಡುವಿನಲ್ಲಿ ಚೀಲದ ಮೇಲೆ ಕೂತು, ಚೀಲದ ಮೇಲಿದ್ದದ್ದನ್ನೇ ಬೆರಳಿನಿಂದ ತಿದ್ದಿ ಕಲಿತವಳು ನಾನು. ಎಲ್ಲ ಚೀಲದ ಮೇಲೂ "ಒಟ್ಟು ತೂಕ" ಎಂದು ದಪ್ಪಗೆ ಅಚ್ಚಾಗಿರುತ್ತಿತ್ತು. ಗಿರಣಿಯಲ್ಲಿ ನಮ್ಮೆಲ್ಲರ ಬಾಯಲ್ಲೂ ಹೊಟ್ಟು ಎಂದರೆ ಒಟ್ಟೇ. ಸರಿ, ಇದೇ ಅದು ಎಂದು ನನಗೆ ನಾನೇ ಮೇಷ್ಟರಾಗಿ ತೀರ್ಮಾನ ಮಾಡಿದೆ. ಹಿಟ್ಟಿನ ಚೀಲದ ಮೇಲೆ ಹೊಟ್ಟಿನ ತೂಕ ಯಾಕೆ ಹಾಕುತ್ತಾರೆ ಎಂದು ಇಪ್ಪತ್ತೆಂಟು ವರ್ಷದಲ್ಲಿ ಒಂದು ದಿನವಾದರೂ ಹೊಳೆಯಬೇಡವೇ?

"ನಾನು ಯಾವತ್ತೋ ನೋಡಿದ್ದೆ" ಎಂದರು ನಿನ್ನ ಭಾವ.

"ಮತ್ತೆ ಹೇಳ್ಬಾರ್ದಿತ್ತಾ?"

"ತಮ್ಮನಿಗೆ ಗುಣ ಆಗ್ತಿದೆಯಲ್ಲ, ಯಾಕೆ ತಿದ್ದೋದು ಅಂತ ಸುಮ್ನಿದ್ದೆ."

ನಕ್ಕೆ, ಆಮೇಲೆ ಅತ್ತೆ. ಕೊಕ್ಕೆಯಲ್ಲಿ ಪೆಟ್ಟಿಗೆ ತೂಗುತ್ತಿದ್ದದ್ದನ್ನು ಓದಿ ಎದ್ದು ಹೋಗಿ ದೇವರಿಗೆ ದೀಪ ಹಚ್ಚಿದೆ. ಆ ನಾಲ್ಕು ಜನರ ಮನೆಯವರಿಗೆ ಅವತ್ತು ಏನೂ ಗೊತ್ತಾಗಲಿಲ್ಲವಲ್ಲ, ಅದೇ ದೊಡ್ಡದು. ನೀನಾಗಿಯೇ ಹೋಗಿ ಹೇಳಿದೆಯಲ್ಲ, ಅದು ಅದಕ್ಕಿಂತ ದೊಡ್ಡದು. ಬೀದಿಯವರಿಗೆ ನಾನೇ ಹೇಳಿದೆ, ನನ್ನ ತಮ್ಮ ಈಗ ಹಗ್ಗದ ಉಗ್ರಾಣದಲ್ಲಿದ್ದಾನೆ ಎಂದು. ಯಾರೂ ಏನೂ ಅನ್ನಲಿಲ್ಲ. ಎದುರುಮನೆಯಾಕೆ ಮಾತ್ರ "ಹಾಗಾದ್ರೆ ಬಟ್ಟೆ ಒಣಗಿಸೋಕೆ ಒಂದು ಗಟ್ಟಿ ಹಗ್ಗ ಸಿಗುತ್ತಾ?" ಎಂದು ಕೇಳಿದಳು.

ಹತ್ತನೇ ತಾರೀಖು ಏನೇ ಬರಲಿ, ಮೊದಲು ನನಗೆ ಬರೆ. ಫೋನು ಬೇಡ. ಅರ್ಧ ಕೇಳಿಸಿದರೆ ನಾನು ಸಾಯುತ್ತೇನೆ.

ನಿನ್ನ ಅಕ್ಕ


ಮೇ 16

ಅಕ್ಕಾ,

ಇಳಿದಿದೆ. ಮೊದಲು ಅದನ್ನು ಓದಿ ಉಸಿರು ಬಿಡು, ಆಮೇಲೆ ಮುಂದಕ್ಕೆ ಓದು.

ಚೀಟಿ ಕೈಗೆ ಬಂದದ್ದು ಮೊನ್ನೆ. ಸಕ್ಕರೆಯ ಮೂರು ತಿಂಗಳ ಸರಾಸರಿ ಒಂಬತ್ತೂವರೆ ಇದ್ದದ್ದು ಆರು ಮುಕ್ಕಾಲಿಗೆ ಬಂದಿದೆ. ಡಾಕ್ಟರು ಚೀಟಿಯನ್ನು ತಿರುಗಿಸಿ ಹೆಸರು ನನ್ನದೇ ಹೌದೋ ಎಂದು ನೋಡಿದರು.

"ಏನ್ರೀ ಮಾಡಿದ್ರಿ?"

"ನಮ್ಮ ಅಕ್ಕ ಬರೆದಿದ್ದನ್ನ ತಪ್ಪಾಗಿ ಓದ್ಕೊಂಡೆ ಡಾಕ್ಟ್ರೇ."

ಪೂರ್ತಿ ಕೇಳಿಸಿಕೊಂಡು ನಕ್ಕರು. "ಹಾಗಾದ್ರೆ ಇನ್ನು ಮುಂದೆ ಎರಡು ರೀತೀಲೂ ಓದ್ಕೊಳ್ಳಿ. ಆ ಪಾತ್ರೆಗೆ ಜರಡಿ ಹಿಡೀದ ಹಿಟ್ಟಿನ ರೊಟ್ಟಿಯೂ ಜೊತೆಗಿರ್ಲಿ. ಮಾತ್ರೆ ಮಾತ್ರ ನೀವಾಗಿ ಬಿಡಬೇಡಿ. ಮೂರು ತಿಂಗಳಿಗೆ ಮತ್ತೆ ಬನ್ನಿ" ಎಂದು ಹೇಳಿ ಕಾಗದಕ್ಕೆ ಮೊಹರು ಒತ್ತಿದರು. ಆ ಠಪ್ ಎನ್ನುವ ಸದ್ದು ಇನ್ನೂ ಕಿವಿಯಲ್ಲಿದೆ.

ಮನೆಯಾಕೆ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಪಾಳಿ ಮುಗಿಸಿ ನೇರ ಬಂದವಳು, ಗೋಡೆಗೊರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಎಬ್ಬಿಸಿ ಚೀಟಿ ತೋರಿಸಿದೆ. ನನ್ನ ಅಂಗಿಯ ಗುಂಡಿ ತಪ್ಪು ತೂತಿಗೆ ಹಾಕಿಕೊಂಡಿದ್ದೆ, ಅದನ್ನು ಬಿಚ್ಚಿ ಸರಿಯಾಗಿ ಹಾಕಿದಳು. "ಬಾ, ಹಸಿವಾಗಿದೆ" ಎಂದಳು.

ನಿನ್ನೆ ಹತ್ತಿದೆ. ಇನ್ನೂರ ಹನ್ನೊಂದು ಮೆಟ್ಟಿಲು. ಮೊದಲು ಅರ್ಧದಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದೆ, ಈ ಸಲ ನಿಲ್ಲಲಿಲ್ಲ. ಮೊದಲ ಪೆಟ್ಟಿಗೆ ಎತ್ತುವಾಗ ಕೈಯನ್ನೇ ನೋಡುತ್ತಿದ್ದೆ. ನಡುಗಲಿಲ್ಲ, ಅಕ್ಕಾ. ಸಂಜೆಯವರೆಗೆ ನಲವತ್ತು ಇಳಿಸಿದೆ, ಒಂದೊಂದೂ ಹೂವಿಟ್ಟ ಹಾಗೆ.

ಇಂದು ನಿಜವಾಗಿ ಕ್ಯಾಬಿನ್ನಿನಲ್ಲಿ ಕೂತು ಬರೆಯುತ್ತಿದ್ದೇನೆ.

ನಿನ್ನ ತಮ್ಮ


ಮೇ 24

ತಮ್ಮಾ,

ನಿನ್ನ ಕಾಗದವನ್ನು ಅಂಚೆಯವನ ಕೈಯಿಂದಲೇ ಕಿತ್ತುಕೊಂಡೆ. ಒಳಗೆ ಬರುವಷ್ಟೂ ತಾಳ್ಮೆಯಿಲ್ಲದೆ ಬಾಗಿಲ ಮೆಟ್ಟಿಲ ಮೇಲೆ ಕೂತು ಒಡೆದೆ. ನೀನು ಹೇಳಿದ ಹಾಗೆ ಮೊದಲ ಮಾತು ಓದಿ ಉಸಿರು ಬಿಟ್ಟೆ. ಎಷ್ಟು ದೊಡ್ಡ ಉಸಿರೆಂದರೆ ಒಳಗಿಂದ ನಿನ್ನ ಭಾವ "ಯಾರು ಬಂದ್ರು?" ಎಂದರು. ಕಾಗದವನ್ನು ಎತ್ತಿ ತೋರಿಸಿದೆ. ಅವರೇ ಬಂದು ಕಾಗದ ತೆಗೆದುಕೊಂಡು ಓದಿ, ಮಡಚಿ, ಮತ್ತೆ ಬಿಚ್ಚಿ ಓದಿದರು. ಆಮೇಲೆ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತರು. ಇಬ್ಬರೂ ಸುಮಾರು ಹೊತ್ತು ಬೀದಿ ನೋಡುತ್ತಾ ಕೂತಿದ್ದೆವು. ಹೋಗುವವರೆಲ್ಲ ನಮ್ಮ ಬೀಗದ ಕೈ ಕಳೆದುಹೋಗಿದೆ ಎಂದುಕೊಂಡರು.

ಮಾರನೆಯ ದಿನ ನಾವಿಬ್ಬರೂ ಹೋಗಿ ಸಕ್ಕರೆಯ ಪರೀಕ್ಷೆಗೆ ರಕ್ತ ಕೊಟ್ಟು ಬಂದೆವು. ಎಷ್ಟೋ ವರ್ಷದಿಂದ ಮುಂದೂಡಿದ್ದೆ, ಗೊತ್ತಾಗದಿದ್ದರೆ ಇಲ್ಲವೆಂದೇ ಲೆಕ್ಕ ಎನ್ನುವ ಧೈರ್ಯ ನನ್ನದು. ನಿನ್ನ ಭಾವನದು ಚೆನ್ನಾಗಿದೆ. ನನ್ನದು ಗಡಿಯವರೆಗೆ ಬಂದು ನಿಂತಿದೆಯಂತೆ, ದಾಟಿಲ್ಲವಂತೆ. ಇಲ್ಲಿಯ ಡಾಕ್ಟರಮ್ಮ "ಈಗಲೇ ಬಂದ್ರಿ, ಒಳ್ಳೇದಾಯ್ತು. ಊಟ ಸರಿ ಮಾಡ್ಕೊಂಡ್ರೆ ಸದ್ಯಕ್ಕೆ ಮಾತ್ರೆ ಬೇಡ" ಎಂದರು. ನನ್ನ ಭಯ ಇಳಿದು, ಬರುವಾಗ ದಾರಿಯಲ್ಲಿ ಕಾಳಿನ ಅಂಗಡಿಗೆ ಹೋಗಿ ಮೂರು ಬಗೆ ಕಾಳು, ಒಂದು ಬುಟ್ಟಿ ಗೆಣಸು, ಹಿಡಿ ತುಂಬ ಸೊಪ್ಪು ತಂದೆವು. ಎಲ್ಲ ಮೇಜಿನ ಮೇಲಿದೆ.

ಈಗ ಒಂದು ನಿಜ ಹೇಳುತ್ತೇನೆ, ನಗಬೇಡ. ಜರಡಿ, ಹಿಟ್ಟಿನ ವಿಷಯ ನನಗೆ ಗೊತ್ತು. ಉಳಿದದ್ದೆಲ್ಲ ನಿನಗೆ ಬರೆದು ಬರೆದು ಹೇಳಿದೆನೇ ಹೊರತು ಒಂದು ದಿನವೂ ಮಾಡಿದವಳಲ್ಲ. ನೀನು ಮೂರು ತಿಂಗಳು ಮಾಡಿದ್ದೀಯ. ಕಾಳು ಎಷ್ಟು ಹೊತ್ತು ನೆನೆಯಬೇಕು? ಗೆಣಸನ್ನು ಕಾಳಿನ ಜೊತೆಗೇ ಹಾಕುವುದೋ, ಅದು ಅರ್ಧ ಬೆಂದ ಮೇಲೋ? ಇಬ್ಬರಿಗೆ ಎಷ್ಟು ಹಿಡಿ? ಮನೆಯಾಕೆಯನ್ನು ಕೇಳಿ, ಗಿಣಿಯ ಕೈಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ, ಬೇಗ ಕಳಿಸು. ನಿನ್ನ ಭಾವ ಪಾತ್ರೆ ತೊಳೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ.

ನಿನ್ನ ಅಕ್ಕ